ಬರೆಯುವವಳ ಕುರ್ಚಿಯಿಂದ: ಜೌಗು ಪಕ್ಷಿಧಾಮದಲ್ಲಿ ಹಕ್ಕಿ ನೋಡುವುದು, ರಿಂಗ್ ಹಾಕುವುದು

ಮೊದಲೇ ಹೇಳಿಬಿಡುತ್ತೇನೆ. ನಾನು ಹಕ್ಕಿಗೆ ರಿಂಗ್ ಹಾಕುವವಳಲ್ಲ. ಹಾಕುವವರ ಪಕ್ಕದಲ್ಲಿ ಕೂತು ಬರೆದುಕೊಳ್ಳುವವಳು. ಕೆಲಸದಲ್ಲಿ ಇದ್ದಷ್ಟು ಕಾಲ ಲೆಕ್ಕದ ಪುಸ್ತಕ ಬರೆದೆ. ರಿಟೈರ್ ಆದಮೇಲೆ ಹಕ್ಕಿಗಳ ಲೆಕ್ಕ ಬರೆಯುತ್ತಿದ್ದೇನೆ.

ಇಲ್ಲಿಗೆ ಬರುವವರೆಲ್ಲ ಕೇಳುವುದು ಒಂದೇ ಪ್ರಶ್ನೆ. "ಹಕ್ಕೀನ ಕೈಯಲ್ಲಿ ಹಿಡ್ಕೊಳ್ಳೋಕೆ ಕೊಡ್ತೀರಾ?" ಕೊಡುವುದಿಲ್ಲ. ಹಿಡಿಯುವುದು ಈ ಕೆಲಸದ ಸಣ್ಣ ಭಾಗ. ಕಾಲಿಗೆ ನಂಬರ್ ಇರುವ ಉಂಗುರ, ಅಂದರೆ ರಿಂಗ್, ಹಾಕಿ ಬಿಡುವುದು ಯಾಕೆ? ಮುಂದೊಂದು ದಿನ, ಎಲ್ಲೋ ಒಂದು ಕಡೆ, ಇನ್ಯಾರೋ ಅದನ್ನು ಓದಲಿ ಅಂತ. ನಂಬರ್ ಓದುವುದು ತಪ್ಪಿದರೆ, ಬರೆಯುವುದು ತಪ್ಪಿದರೆ, ಹಕ್ಕಿಗೆ ಕೊಟ್ಟ ತೊಂದರೆಯೆಲ್ಲ ದಂಡ. ಆದ್ದರಿಂದ ಈ ಬರಹದಲ್ಲಿ ಬಲೆಗಿಂತ ಪೆನ್ಸಿಲ್ಲೇ ಜಾಸ್ತಿ ಬರುತ್ತದೆ.

ಮೊದಲು ದೂರದಿಂದ ನೋಡಿ

ಕೈಯಲ್ಲಿರುವ ಹಕ್ಕಿಯನ್ನು ಗುರುತಿಸುವುದು ಸುಲಭ ಅಂದುಕೊಂಡಿದ್ದರೆ ಆ ಯೋಚನೆ ಬಿಡಿ. ಕೆಸರಿನಲ್ಲಿ ಓಡಾಡುವಾಗ ಅದರ ನಡಿಗೆ, ನಿಲುವು, ಕೂಗು ಎಲ್ಲವೂ ಸುಳಿವು ಕೊಡುತ್ತವೆ. ಕೈಯಲ್ಲಿ ಅದ್ಯಾವುದೂ ಇರುವುದಿಲ್ಲ. ಆದ್ದರಿಂದ ರಿಂಗಿಂಗ್ ಕಲಿಯುವ ಆಸೆ ಇರುವವರೂ ಒಂದೆರಡು ಋತು ಸುಮ್ನೆ ನೋಡುತ್ತಾ ಇರಬೇಕು.

ಬೈನಾಕ್ಯುಲರ್ ತೆಗೆದುಕೊಳ್ಳುವಾಗ 8×42 ಸಾಕು. 8 ಅಂದರೆ ಎಂಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಅಂತ. 42 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ. 42ನ್ನು 8ರಿಂದ ಭಾಗಿಸಿದರೆ ಸುಮಾರು 5 ಬರುತ್ತದೆ. ಅದು ಕಣ್ಣಿಗೆ ಬಂದು ಬೀಳುವ ಬೆಳಕಿನ ವೃತ್ತದ ಅಗಲ. 10×42 ಆದರೆ ಅದೇ ವೃತ್ತ 4 ಮಿಲಿಮೀಟರಿಗೆ ಇಳಿಯುತ್ತದೆ, ಕೈ ನಡುಗುವುದೂ ಹೆಚ್ಚಾಗಿ ಕಾಣುತ್ತದೆ. ಬೆಳಗಿನ ಮಬ್ಬಿನಲ್ಲಿ ಜೊಂಡಿನ ಒಳಗೆ ನೋಡುವವರಿಗೆ ಈ ವ್ಯತ್ಯಾಸ ದೊಡ್ಡದು. ಕನ್ನಡಕ ಹಾಕುವವರು ಕಣ್ಣಿನ ಹತ್ತಿರದ ರಬ್ಬರ್ ಬಟ್ಟಲನ್ನು ಒಳಗೆ ತಿರುಗಿಸಿಕೊಳ್ಳಿ. ಬಲಗಣ್ಣಿನ ಹತ್ತಿರ ಇರುವ ಸಣ್ಣ ತಿರುಪನ್ನು ಒಂದು ಸಲ ಸರಿಮಾಡಿಕೊಂಡು ಅಲ್ಲೇ ಬಿಡಿ. ಅದು ನಿಮ್ಮ ಎರಡು ಕಣ್ಣಿನ ಶಕ್ತಿಯ ವ್ಯತ್ಯಾಸಕ್ಕೆ ಇರುವುದು, ಫೋಕಸ್ ಮಾಡುವುದಕ್ಕಲ್ಲ. ಹಕ್ಕಿ ಕಂಡಾಗ ಅದರ ಮೇಲಿಂದ ಕಣ್ಣು ತೆಗೆಯದೆ ಬೈನಾಕ್ಯುಲರನ್ನು ಮೇಲಕ್ಕೆ ತನ್ನಿ. ಹೊಸಬರು ತಲೆ ತಗ್ಗಿಸಿ ಬೈನಾಕ್ಯುಲರ್ ನೋಡಿಕೊಳ್ಳುತ್ತಾರೆ. ಅಷ್ಟರಲ್ಲಿ ಹಕ್ಕಿ ಎಲ್ಲಿತ್ತು ಅನ್ನುವುದೇ ಮರೆತುಹೋಗಿರುತ್ತದೆ.

ಸೂರ್ಯ ಬೆನ್ನ ಹಿಂದೆ ಇರುವ ದಂಡೆಯನ್ನೇ ಆರಿಸಿಕೊಳ್ಳಿ. ಎದುರು ಬೆಳಕಿನಲ್ಲಿ ನೀರು ಹೊಳೆಯುತ್ತದೆ, ಹಕ್ಕಿಗಳೆಲ್ಲ ಕಪ್ಪಗೆ ಕಾಣುತ್ತವೆ. ಹೈಡ್ ಒಳಗೆ, ಅಂದರೆ ಹಕ್ಕಿಗೆ ಕಾಣದ ಹಾಗೆ ಅಡಗಿ ಕೂತು ನೋಡುವ ಗೂಡಿನೊಳಗೆ, ಕೂತವರು ಕಿಟಕಿಯಿಂದ ಕೈ ಹೊರಗೆ ಚಾಚಬೇಡಿ. ಗೋಡೆಯ ಹಿಂದೆ ನೀವಿದ್ದೀರಿ ಎಂದು ಹಕ್ಕಿಗೆ ಗೊತ್ತಾಗುವುದು ಆ ಕೈಯಿಂದಲೇ.

ಜೌಗು ಪ್ರದೇಶದಲ್ಲಿ ನೀರಿನ ಆಳವೇ ಎಲ್ಲವನ್ನೂ ಹೇಳುತ್ತದೆ. ಯಾವ ಹಕ್ಕಿ ಎಲ್ಲಿ ಸಿಗುತ್ತದೆ ಎಂದು ಪುಸ್ತಕ ತಿರುವುವ ಮೊದಲು ಕಾಲಿನ ಉದ್ದ, ಕೊಕ್ಕಿನ ಉದ್ದ ನೋಡಿ. ಒದ್ದೆ ಕೆಸರಿನ ಅಂಚಿನಲ್ಲಿ ಓಡಿ ಓಡಿ ಹೆಕ್ಕುವವು ಗಿಡ್ಡ ಕಾಲಿನವು. ಮೆಟ್ಟುಗಾಲು ಹಕ್ಕಿ ಹೊಟ್ಟೆ ಒದ್ದೆಯಾಗದ ಹಾಗೆ ಇನ್ನೂ ಸ್ವಲ್ಪ ಒಳಗೆ ಹೋಗಿ ನಿಲ್ಲುತ್ತದೆ. ಉಲ್ಲಂಕಿ ಉದ್ದ ಕೊಕ್ಕನ್ನು ಕೆಸರಿನಲ್ಲಿ ಪೂರ್ತಿ ಇಳಿಸುತ್ತದೆ. ಚಮಚದ ಕೊಕ್ಕು ಮೊಣಕಾಲು ಮಟ್ಟದ ನೀರಿನಲ್ಲಿ ಕೊಕ್ಕನ್ನು ಎಡಕ್ಕೂ ಬಲಕ್ಕೂ ಬೀಸುತ್ತಾ ನಡೆಯುತ್ತದೆ. ಬಾತುಗಳಲ್ಲಿ ಕೆಲವು ತಲೆ ಕೆಳಗೆ ಮಾಡಿ ಬಾಲ ಮೇಲೆತ್ತುತ್ತವೆ, ಕೆಲವು ಪೂರ್ತಿ ಮುಳುಗುತ್ತವೆ. ಪೂರ್ತಿ ಮುಳುಗುವವು ಆಳ ಇರುವ ಕಡೆ. ಹಾವಕ್ಕಿ ಈಜುವಾಗ ನೀರಿನ ಮೇಲೆ ಕಾಣುವುದು ಕತ್ತು ಮಾತ್ರ. ಒಂದೇ ಕೆರೆಯಲ್ಲಿ ನೀರು ಎರಡು ಗೇಣು ಇಳಿದರೆ ಸಾಕು, ಹಕ್ಕಿಗಳ ಪಟ್ಟಿಯೇ ಬದಲಾಗುತ್ತದೆ. ಹಾಗಾಗಿ ನೋಟ್‌ಬುಕ್ಕಿನಲ್ಲಿ ತಾರೀಕಿನ ಪಕ್ಕ ನೀರಿನ ಮಟ್ಟವನ್ನೂ ಬರೆಯಿರಿ. ಸಮುದ್ರದ ಹತ್ತಿರದ ಜೌಗಾದರೆ ಉಬ್ಬರದ ಹೊತ್ತನ್ನು ಬರೆಯಿರಿ. ಉಬ್ಬರ ಪೂರ್ತಿ ಏರುವ ಒಂದೆರಡು ಗಂಟೆ ಮೊದಲು ಹೋದರೆ, ಕೆಸರು ಮುಳುಗುತ್ತಾ ಬಂದಂತೆ ಹಕ್ಕಿಗಳೇ ದಂಡೆಯ ಕಡೆಗೆ ಸರಿಯುತ್ತವೆ.

ಬಾತುಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಮರಿ ಮಾಡುವ ಕಾಲ ಮುಗಿದ ಮೇಲೆ ಗಂಡು ಬಾತುಗಳು ಬಣ್ಣದ ಗರಿ ಉದುರಿಸಿ ಹೆಣ್ಣಿನಂತೆ ಕಂದುಬಣ್ಣಕ್ಕೆ ತಿರುಗುತ್ತವೆ. ಹಾರುವ ಗರಿಗಳೂ ಆಗ ಒಟ್ಟಿಗೇ ಉದುರುತ್ತವೆ, ಕೆಲವು ವಾರ ಹಾರಲಿಕ್ಕೇ ಆಗುವುದಿಲ್ಲ. ವಲಸೆ ಶುರುವಿನಲ್ಲಿ ಬಂದ ಗುಂಪು ಪೂರ್ತಿ ಹೆಣ್ಣುಗಳೇ ಅನ್ನಿಸಿದರೆ ತೀರ್ಮಾನಕ್ಕೆ ಅವಸರ ಬೇಡ. ಸಲಿಕೆ ಕೊಕ್ಕಿನ ಬಾತಿನ ಕೊಕ್ಕು ಯಾವ ವೇಷದಲ್ಲೂ ಸಲಿಕೆಯೇ. ಬಣ್ಣಕ್ಕಿಂತ ಆಕಾರವನ್ನು ನಂಬಿ.

ಎಣಿಕೆ ಕಲಿಯದೆ ಇದ್ದರೆ ನೋಡಿದ್ದು ಅರ್ಧವೇ. ಮೊದಲು ಹತ್ತು ಹಕ್ಕಿ ಸರಿಯಾಗಿ ಎಣಿಸಿ. ಆ ಹತ್ತು ಎಷ್ಟು ಜಾಗ ತುಂಬಿವೆ ಎಂದು ಕಣ್ಣಿಗೆ ಹಿಡಿಸಿಕೊಳ್ಳಿ. ಅಷ್ಟಗಲದ ತುಂಡುಗಳನ್ನು ಗುಂಪಿನ ಮೇಲೆ ಇಟ್ಟುಕೊಂಡು ಹೋಗಿ. ಗುಂಪು ದೊಡ್ಡದಾದರೆ ನೂರರ ತುಂಡು. "ತುಂಬಾ ಇದ್ದವು" ಅಂತ ಬರೆಯುವುದಕ್ಕಿಂತ "ಸುಮಾರು 400" ಅಂತ ಬರೆಯುವುದು ಎಷ್ಟೋ ಮೇಲು. ಜಗತ್ತಿನ ನೀರುಹಕ್ಕಿಗಳ ಗಣತಿ 1967ರಿಂದ ನಡೆಯುತ್ತಿದೆ. ಅದರ ಏಷ್ಯಾದ ಭಾಗ 1987ರಲ್ಲಿ ಶುರುವಾಯಿತು. ಪ್ರತಿ ಜನವರಿಯಲ್ಲಿ ಅದಕ್ಕೆ ಎಣಿಸುವವರು ಬಹುಪಾಲು ನಮ್ಮಂಥ ಸಾಮಾನ್ಯ ಜನರೇ.

ಕಾಲಿನ ಮೇಲಿರುವುದನ್ನು ಓದುವುದು

ಹಕ್ಕಿಯನ್ನು ಮುಟ್ಟದೆ ರಿಂಗಿಂಗಿಗೆ ಸಹಾಯ ಮಾಡಬಹುದು ಅಂತ ಬಹಳ ಜನರಿಗೆ ಗೊತ್ತಿಲ್ಲ. ನನ್ನ ಪ್ರಕಾರ ಹೊಸಬರಿಗೆ ಇದಕ್ಕಿಂತ ಒಳ್ಳೆಯ ಕೆಲಸ ಇಲ್ಲ.

ಲೋಹದ ಉಂಗುರದ ಸಣ್ಣ ಅಕ್ಷರ ಓದಲು ಸಾಮಾನ್ಯವಾಗಿ ಹಕ್ಕಿ ಮತ್ತೆ ಕೈಗೆ ಸಿಗಬೇಕು. ಸಣ್ಣ ಹಕ್ಕಿಗಳಲ್ಲಿ ಹಾಗೆ ಬೇರೆ ಕಡೆ ಸಿಗುವುದು ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಅದಕ್ಕೇ ದೊಡ್ಡ ಹಕ್ಕಿಗಳಿಗೆ, ಕೆಸರಿನಲ್ಲಿ ನಡೆಯುವ ಹಕ್ಕಿಗಳಿಗೆ ಬಣ್ಣದ ಪ್ಲಾಸ್ಟಿಕ್ ಉಂಗುರ ಅಥವಾ ಪುಟ್ಟ ಬಾವುಟ ಹಾಕುತ್ತಾರೆ. ಹೆಬ್ಬಾತುಗಳಿಗೆ ಕತ್ತಿನ ಪಟ್ಟಿ ಇರುತ್ತದೆ. ದೂರದರ್ಶಕ ಇದ್ದರೆ ಇವನ್ನು ದಂಡೆಯಿಂದಲೇ ಓದಬಹುದು. 20ರಿಂದ 60 ಪಟ್ಟು ದೊಡ್ಡದು ಮಾಡುವ ದೂರದರ್ಶಕ, ಅಲುಗಾಡದ ಟ್ರೈಪಾಡ್, ಮತ್ತು ತಾಳ್ಮೆ. ಬಿಸಿಲು ಏರಿದ ಮೇಲೆ ನೀರಿನ ಮೇಲಿನ ಗಾಳಿ ಕುದಿಯಲು ಶುರುವಾಗುತ್ತದೆ, ಅಕ್ಷರ ಕದಡಿಹೋಗುತ್ತವೆ. ಓದುವ ಕೆಲಸ ಬೆಳಿಗ್ಗೆಯೇ ಮುಗಿಯಬೇಕು.

ಬರೆಯುವ ಕ್ರಮಕ್ಕೆ ಬರೋಣ. ಎಡ ಅಂದರೆ ಹಕ್ಕಿಯ ಎಡ, ನಿಮ್ಮ ಎಡ ಅಲ್ಲ. ಹಕ್ಕಿ ನಿಮ್ಮ ಕಡೆ ಮುಖ ಮಾಡಿ ನಿಂತಿದ್ದರೆ ಅದರ ಎಡಗಾಲು ನಿಮ್ಮ ಬಲಕ್ಕೆ ಇರುತ್ತದೆ. ಕಾಲಿನ ನಡುವೆ ಒಂದು ಗಂಟು ಕಾಣುತ್ತದೆ, ಅಲ್ವಾ? ನಾವೆಲ್ಲ ಅದನ್ನು ಮೊಣಕಾಲು ಅನ್ನುತ್ತೇವೆ. ನಿಜವಾಗಿ ಅದು ಹಕ್ಕಿಯ ಹಿಮ್ಮಡಿಯ ಕೀಲು. ಮೊಣಕಾಲು ಮೇಲೆ ಗರಿಯೊಳಗೆ ಅಡಗಿರುತ್ತದೆ. ರಿಂಗ್ ಆ ಗಂಟಿನ ಮೇಲಿದೆಯೋ ಕೆಳಗಿದೆಯೋ ಅನ್ನುವುದನ್ನು ಬರೆಯಲೇಬೇಕು. ಎಡಗಾಲಿನ ಮೇಲಿಂದ ಶುರುಮಾಡಿ ಕೆಳಗೆ ಬನ್ನಿ, ಆಮೇಲೆ ಬಲಗಾಲಿನ ಮೇಲಿಂದ ಕೆಳಗೆ. ಲೋಹದ ಉಂಗುರ ಯಾವ ಕಾಲಿನಲ್ಲಿದೆ ಅನ್ನುವುದೂ ಸುಳಿವೇ. ಬಾವುಟದ ಬಣ್ಣ ಯಾವ ಜಾಗದಲ್ಲಿ ಹಾಕಿದ್ದು ಅಂತ ಹೇಳುತ್ತದೆ. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಹಾಕಿದ್ದು ಕಿತ್ತಳೆ, ಅದೇ ದೇಶದ ವಾಯವ್ಯ ತೀರದಲ್ಲಿ ಹಾಕಿದ್ದು ಹಳದಿ. ಆದರೆ ಹಳೆಯ ಪ್ಲಾಸ್ಟಿಕ್ ಬಿಸಿಲಿಗೆ ಮಾಸುತ್ತದೆ. ಕಿತ್ತಳೆಯೋ ಕೆಂಪೋ ಅನುಮಾನ ಬಂದರೆ ಎರಡನ್ನೂ ಬರೆದು ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕಿ.

ಈ ಪ್ರಶ್ನೆ ಚಿಹ್ನೆಯ ಬಗ್ಗೆ ನಾನು ಸ್ವಲ್ಪ ಹಟಮಾರಿ. ಮೂರು ಅಕ್ಷರದಲ್ಲಿ ಎರಡು ಕಂಡು ಒಂದು ಕಾಣದಿದ್ದರೆ, ಕಾಣದ ಜಾಗಕ್ಕೆ ಪ್ರಶ್ನೆ ಚಿಹ್ನೆ. ಊಹೆ ಬೇಡ. ಅರ್ಧ ಓದಿದ ನಂಬರಿನಿಂದಲೂ ಕೆಲವು ಸಲ ಹಕ್ಕಿ ಯಾವುದು ಅಂತ ಸಿಗುತ್ತದೆ. ಊಹಿಸಿ ತುಂಬಿದ ಅಕ್ಷರ ಮಾತ್ರ ಬೇರೆ ಯಾವುದೋ ಹಕ್ಕಿಯ ಚರಿತ್ರೆಯೊಳಗೆ ಹೋಗಿ ಕೂರುತ್ತದೆ. ಸತ್ತ ಹಕ್ಕಿಯೊಂದು ಕಾಗದದ ಮೇಲೆ ಬದುಕಿಬಿಡುತ್ತದೆ. ಕ್ಯಾಮೆರಾ ಇದ್ದರೆ ಹಕ್ಕಿ ನಡೆಯುತ್ತಿರುವಾಗ ಒಂದರ ಹಿಂದೆ ಒಂದು ಚಿತ್ರ ತೆಗೆಯಿರಿ. ಉಂಗುರ ಕಾಲಿನ ಮೇಲೆ ತಿರುಗುತ್ತಿರುವುದರಿಂದ ಒಂದು ಚಿತ್ರದಲ್ಲಿ ಕಾಣದ ಅಕ್ಷರ ಮುಂದಿನದರಲ್ಲಿ ಕಾಣುತ್ತದೆ.

ರಿಂಗ್ ಕಂಡಿತು ಅಂತ ಹಕ್ಕಿಯನ್ನು ಅಟ್ಟಿಸಿಕೊಂಡು ಹೋಗುವವರನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ದೂರದ ಹಾರಾಟ ಮುಗಿಸಿ ಬಂದ ಹಕ್ಕಿಗೆ ತಿನ್ನಲು ಬಿಡಿ. ಗಾಡ್‌ವಿಟ್ ಅನ್ನುವ ಉದ್ದ ಕೊಕ್ಕಿನ ಹಕ್ಕಿಯೊಂದು 2022ರಲ್ಲಿ ಅಲಾಸ್ಕಾದಿಂದ ಟ್ಯಾಸ್ಮೇನಿಯಾಕ್ಕೆ 13,560 ಕಿಲೋಮೀಟರ್ ಎಲ್ಲೂ ಇಳಿಯದೆ ಹಾರಿತು. ಬೆನ್ನ ಮೇಲೆ ಟ್ರಾನ್ಸ್‌ಮಿಟರ್ ಇದ್ದದ್ದರಿಂದ ಅದು ತಿಳಿಯಿತು. ಅಂಥ ಹಕ್ಕಿ ಕೆಸರಿಗೆ ಇಳಿದಾಗ ನಾವು ದಂಡೆಯಲ್ಲೇ ಕೂರುವುದು ಮರ್ಯಾದೆ.

ಬಲೆಯ ಬೆಳಗು

ಇಲ್ಲಿ ಒಂದು ಮಾತು ಸ್ಪಷ್ಟ ಇರಲಿ. ಕಾಡುಹಕ್ಕಿಯನ್ನು ಹಿಡಿಯಲು ಅನುಮತಿ ಬೇಕು. ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅನುಮತಿ ಇಲ್ಲದೆ ಹಿಡಿಯುವುದು ಅಪರಾಧ. ಬೇರೆ ದೇಶಗಳಲ್ಲೂ ತರಬೇತಿ, ಪರವಾನಗಿ ಇಲ್ಲದೆ ಬಿಡುವುದಿಲ್ಲ. ಮುಂದೆ ಬರೆದಿರುವುದು ನೀವು ಮನೆಯ ಹಿಂದೆ ಮಾಡಿನೋಡಲು ಅಲ್ಲ. ರಿಂಗಿಂಗ್ ನಡೆಯುವ ಜಾಗಕ್ಕೆ ಹೋದಾಗ ಏನು ನಡೆಯುತ್ತಿದೆ ಅಂತ ಅರ್ಥವಾಗಲಿ, ನೀವು ಕೆಲಸಕ್ಕೆ ಬರುವವರಾಗಲಿ ಅಂತ.

ಸಣ್ಣ ಹಕ್ಕಿಗೆ ಮಿಸ್ಟ್ ನೆಟ್ ಹಾಕುತ್ತಾರೆ. ತೀರಾ ತೆಳು ದಾರ, ಸಾಮಾನ್ಯವಾಗಿ 16 ಮಿಲಿಮೀಟರ್ ಕಣ್ಣು. ಎರಡು ಕಂಬದ ನಡುವೆ ಅಡ್ಡ ಹಗ್ಗಗಳು, ಅವುಗಳ ನಡುವೆ ತೊಟ್ಟಿಲಿನಂತೆ ಜೋತುಬಿದ್ದ ಬಲೆ. ಹಕ್ಕಿ ಬಂದು ತಾಗಿ ಆ ಜೋಲಿಗೆ ಬೀಳುತ್ತದೆ. ಜೊಂಡಿನ ನಡುವೆ ಕೊಯ್ದು ಮಾಡಿದ ಕಿರುದಾರಿಯಲ್ಲಿ ಬಲೆ ಕಟ್ಟುತ್ತಾರೆ. ಕೆಳಗಿನ ಜೋಲಿ ನೀರಿನಿಂದ ಸಾಕಷ್ಟು ಮೇಲಿರಬೇಕು. ಹಕ್ಕಿಯ ಭಾರಕ್ಕೆ ಜೋಲಿ ಇನ್ನೂ ಇಳಿಯುತ್ತದೆ, ಅದನ್ನೂ ಲೆಕ್ಕ ಹಾಕಬೇಕು. ನೀರು ಏರುವ ಜಾಗದಲ್ಲಿ ರಾತ್ರಿ ಕಟ್ಟಿದ ಎತ್ತರ ಬೆಳಿಗ್ಗೆಗೆ ಸಾಲದೆ ಇರಬಹುದು. ಬಲೆ ತೆರೆಯುವ ಮೊದಲು ಯಾರಾದರೊಬ್ಬರು ಪೂರ್ತಿ ನಡೆದು ನೋಡಬೇಕು.

ಬೆಳಕು ಹರಿಯುವ ಮೊದಲೇ ತೆರೆಯುತ್ತಾರೆ. ಬಿಸಿಲು ಬಲೆಯ ಮೇಲೆ ನೇರ ಬಿದ್ದ ಮೇಲೆ ಮುಚ್ಚುತ್ತಾರೆ. ಮಳೆ ಬಂದರೆ, ಗಾಳಿ ಜೋರಾದರೆ ಮುಚ್ಚುತ್ತಾರೆ. ತೆರೆದಿರುವಷ್ಟು ಹೊತ್ತು 20–30 ನಿಮಿಷಕ್ಕೊಮ್ಮೆ ಸುತ್ತು ಹೊಡೆಯಬೇಕು. ಸೆಕೆ ಇದ್ದರೆ, ಚಳಿ ಇದ್ದರೆ ಇನ್ನೂ ಬೇಗ. ಇರುವೆ ದೊಡ್ಡ ಶತ್ರು. ಬಲೆ ಎಲೆಗೆ ತಾಗಿದ್ದರೆ ಇರುವೆಗೆ ಅದೇ ದಾರಿ. ಎಷ್ಟು ಜನ ಇದ್ದಾರೋ ಅಷ್ಟೇ ಬಲೆ ಅನ್ನುವುದು ಒಳ್ಳೆಯ ತಂಡದ ಗುರುತು. ಹಕ್ಕಿ ಜಾಸ್ತಿ ಬೀಳುತ್ತಿದೆ ಅಂತ ಖುಷಿಪಡುವ ತಂಡಕ್ಕಿಂತ, ಜಾಸ್ತಿ ಬೀಳುತ್ತಿದೆ ಅಂತ ಎರಡು ಬಲೆ ಮುಚ್ಚಿಬಿಡುವ ತಂಡದ ಜೊತೆ ಸೇರಿ.

ನೀವು ನೋಡಲು ಹೋದವರಾಗಿದ್ದು ಬಲೆಯಲ್ಲಿ ಹಕ್ಕಿ ಕಂಡರೆ ಮುಟ್ಟಬೇಡಿ. ಹೋಗಿ ಹೇಳಿ. ಹಕ್ಕಿ ಯಾವ ಕಡೆಯಿಂದ ಒಳಗೆ ಬಂತು ಅಂತ ತಿಳಿದು, ಅದೇ ದಾರಿಯಲ್ಲಿ ಹೊರಗೆ ತೆಗೆಯಬೇಕು. ಬಲೆ ಬಿಡಿಸುವುದು ಕಲಿಯಲು ಬಹಳ ಕಾಲ ಬೇಕು. ಬಲವಂತ ಮಾಡಿದರೆ ನಾಲಿಗೆಗೋ ರೆಕ್ಕೆಗೋ ಪೆಟ್ಟು.

ತೆಗೆದ ಹಕ್ಕಿ ಬಟ್ಟೆಚೀಲಕ್ಕೆ ಹೋಗುತ್ತದೆ. ಒಂದು ಚೀಲಕ್ಕೆ ಒಂದೇ ಹಕ್ಕಿ. ಚೀಲದ ಹೊಲಿಗೆ ಹೊರಗಡೆ ಇರಬೇಕು, ಒಳಗಿದ್ದರೆ ಎಳೆಗೆ ಉಗುರು ಸಿಕ್ಕಿಕೊಳ್ಳುತ್ತದೆ. ಒದ್ದೆ ಚೀಲ ಬೇಡ. ಕತ್ತಲೆಯಲ್ಲಿ ಹಕ್ಕಿ ಸುಮ್ಮನಿರುತ್ತದೆ, ಅದಕ್ಕೇ ಚೀಲವನ್ನು ನೆರಳಿನಲ್ಲಿ ತೂಗುಹಾಕುವುದು. ಮೇಜಿನ ಮೇಲೆ ಇಡುವಂತಿಲ್ಲ, ಅದರ ಮೇಲೆ ಯಾರಾದರೂ ಪುಸ್ತಕ ಇಟ್ಟುಬಿಡುತ್ತಾರೆ.

ಉದ್ದ ಕಾಲಿನವುಗಳ ಕಥೆ ಬೇರೆ. ಅವನ್ನು ಚೀಲದಲ್ಲಿ ಬಹಳ ಹೊತ್ತು ಕಾಲು ಮಡಚಿ ಇಟ್ಟರೆ ಸ್ನಾಯು ಹಿಡಿದುಕೊಂಡು ಬಿಟ್ಟಮೇಲೂ ನಿಲ್ಲಲಾರವು. ಅವುಗಳಿಗೆ ನಿಂತುಕೊಳ್ಳುವಷ್ಟು ಎತ್ತರದ, ಮುಚ್ಚಿದ ಪೆಟ್ಟಿಗೆ ಬೇಕು. ಮೇಜಿಗೆ ಮೊದಲ ಸರದಿಯೂ ಅವುಗಳದ್ದೇ.

ಭಾರತದಲ್ಲಿ ದೊಡ್ಡ ಮಟ್ಟದ ರಿಂಗಿಂಗ್ ನಡೆದಾಗ ಹಿಡಿಯುವ ಕೆಲಸ ಮಾಡಿದವರಲ್ಲಿ ಬಿಹಾರದ ಮಿರ್‌ಶಿಕಾರಿಗಳೂ ಇದ್ದರು, ತಲೆತಲಾಂತರದಿಂದ ಹಕ್ಕಿ ಹಿಡಿದು ಬದುಕುತ್ತಿದ್ದವರು. ಗರಿ ಕೊಂಕದ ಹಾಗೆ ಹಿಡಿಯುವುದು ಅವರಿಗೆ ಗೊತ್ತಿತ್ತು. ವಿಜ್ಞಾನಿಗಳ ಹೆಸರಿನ ಪಕ್ಕ ಅವರ ಹೆಸರೂ ಬರಬೇಕಿತ್ತು ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ.

ಮೇಜಿನ ಬಳಿ

ಹಕ್ಕಿಯ ಕತ್ತು ತೋರುಬೆರಳು, ನಡುಬೆರಳಿನ ನಡುವೆ ಬರುತ್ತದೆ. ಬೆನ್ನು ಅಂಗೈಗೆ ತಾಗಿರುತ್ತದೆ. ಉಳಿದ ಬೆರಳು ಸುಮ್ಮನೆ ಸುತ್ತ ಇರುತ್ತವೆ, ಒತ್ತುವುದಿಲ್ಲ. ನಮ್ಮ ಹಾಗೆ ಹಕ್ಕಿಗೆ ಉಸಿರಾಟಕ್ಕೆ ವಪೆ, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆ, ಇಲ್ಲ. ಎದೆಮೂಳೆ ಮೇಲೆ ಕೆಳಗೆ ಆಡಿದರೇನೇ ಉಸಿರು. ಎದೆ ಒತ್ತಿದರೆ ಮೂಗು ಬಾಯಿ ತೆರೆದೇ ಇದ್ದರೂ ಉಸಿರು ಕಟ್ಟುತ್ತದೆ. ಮಕ್ಕಳ ಕೈಗೆ ಹಕ್ಕಿ ಕೊಡದಿರಲು ಇದೊಂದೇ ಕಾರಣ ಸಾಕು.

ಮೊದಲು ಯಾವ ಹಕ್ಕಿ ಅಂತ ಗಟ್ಟಿ ಮಾಡಿಕೊಳ್ಳಬೇಕು. ಆಮೇಲೆ ರಿಂಗ್. ಅಳತೆ ಎಲ್ಲ ಆಮೇಲೆ. ನಡುವೆ ಹಕ್ಕಿ ತಪ್ಪಿಸಿಕೊಂಡು ಹೋದರೂ ನಂಬರ್ ಆದರೂ ಇರುತ್ತದೆ. ಉಂಗುರಗಳು ಒಳಗಿನ ಅಗಲದ ಲೆಕ್ಕದಲ್ಲಿ ಬೇರೆ ಬೇರೆ ಅಳತೆಯಲ್ಲಿ ಬರುತ್ತವೆ. ಸಣ್ಣ ಹಕ್ಕಿಗೆ 2 ಮಿಲಿಮೀಟರಿನದು ಸಾಕು. ಸಿಹಿನೀರಿನ ಹಕ್ಕಿಗೆ ಅಲ್ಯೂಮಿನಿಯಂ ನಡೆಯುತ್ತದೆ. ಉಪ್ಪುನೀರಿನಲ್ಲಿ ಇರುವವುಗಳಿಗೆ ಇನ್ನೂ ಗಟ್ಟಿ ಲೋಹ ಬೇಕು, ಇಲ್ಲದಿದ್ದರೆ ಹಕ್ಕಿ ಸಾಯುವ ಮೊದಲೇ ನಂಬರ್ ಸವೆದುಹೋಗುತ್ತದೆ. ಇಕ್ಕುಳದ ತೂತಿನೊಳಗೆ ಇಟ್ಟು ಮುಚ್ಚುತ್ತಾರೆ. ಎರಡು ತುದಿ ಸರಿಯಾಗಿ ಕೂಡಿರಬೇಕು, ಒಂದರ ಮೇಲೊಂದು ಹತ್ತಿರಬಾರದು. ಉಂಗುರ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಜಾರಬೇಕು, ಆದರೆ ಗಂಟು ದಾಟಬಾರದು.

ಕೊಕ್ಕರೆಗಳಿಗೆ ಗಂಟಿನ ಕೆಳಗೆ ಹಾಕುವುದಿಲ್ಲ. ಬಿಸಿಲಿನಲ್ಲಿ ಅವು ತಮ್ಮ ಕಾಲಿನ ಮೇಲೆ ತಾವೇ ಹಿಕ್ಕೆ ಹಾಕಿಕೊಂಡು ಮೈ ತಂಪು ಮಾಡಿಕೊಳ್ಳುತ್ತವೆ. ಹಿಕ್ಕೆ ಉಂಗುರದೊಳಗೆ ಸೇರಿ ಒಣಗಿ ಗಟ್ಟಿಯಾದರೆ ಕಾಲಿಗೇ ಗಾಯ. ಹಾಗಾಗಿ ಅವುಗಳಿಗೆ ಗಂಟಿನ ಮೇಲೆ. ಇಂಥ ವಿಷಯ ಗೊತ್ತಿಲ್ಲದವರು ಇಕ್ಕುಳ ಹಿಡಿಯಬಾರದು.

ಈಗ ನನ್ನ ಕೆಲಸ. ರಿಂಗ್ ಹಾಕಿದವರು ಉಂಗುರದ ಮೇಲಿನ ನಂಬರ್ ಜೋರಾಗಿ ಓದುತ್ತಾರೆ. ನಾನು ಬರೆದು, ಬರೆದದ್ದನ್ನು ನೋಡಿ ವಾಪಸ್ ಓದುತ್ತೇನೆ. ಕೇಳಿದ್ದನ್ನು ಹಾಗೇ ತಿರುಗಿಸಿ ಹೇಳುವುದಲ್ಲ. ಕಾಗದದ ಮೇಲೆ ಇರುವುದನ್ನು ಓದುವುದು. ಇವೆರಡಕ್ಕೂ ಬಹಳ ವ್ಯತ್ಯಾಸ ಇದೆ. ಕಿವಿ ಸರಿಯಾಗಿ ಕೇಳಿ ಕೈ ತಪ್ಪು ಬರೆಯುವುದು ಉಂಟು.

ಪೆನ್ಸಿಲ್ ಬಳಸಿ, ಮಂಜಿನ ಹನಿಗೆ ಶಾಯಿ ಹರಡುತ್ತದೆ. ಆದರೆ ರಬ್ಬರ್ ಇಟ್ಟುಕೊಳ್ಳಬೇಡಿ. ತಪ್ಪಾದರೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಿರಿ. ಹಳೆಯದು ಓದಲು ಸಿಗಬೇಕು. ಲೆಕ್ಕದ ಪುಸ್ತಕದ ನಿಯಮವೂ ಅದೇ. 1 ಮತ್ತು 7 ಬೇರೆ ಕಾಣಲಿ, 7ರ ನಡುವೆ ಅಡ್ಡಗೆರೆ ಎಳೆಯಿರಿ. ಉಂಗುರಗಳು ನಂಬರಿನ ಸಾಲಿನಲ್ಲಿ ದಾರಕ್ಕೆ ಪೋಣಿಸಿ ಬಂದಿರುತ್ತವೆ, ಅದೇ ಸಾಲಿನಲ್ಲಿ ಖಾಲಿಯಾಗಬೇಕು. ಒಂದು ಉಂಗುರ ಹಾಳಾದರೆ ಆ ನಂಬರಿಗೂ ಒಂದು ಸಾಲು ಇರಬೇಕು, "ಹಾಳಾಯಿತು" ಅಂತ. ಖಾಲಿ ಬಿಟ್ಟ ನಂಬರ್ ಮುಂದೆ ಯಾರಿಗೋ ತಲೆನೋವು.

ಅಳತೆಗಳನ್ನು ಬರೆಯುವಾಗ ಸುಮ್ನೆ ಬರೆದುಕೊಂಡು ಹೋಗಬೇಡಿ, ಯೋಚಿಸುತ್ತಾ ಬರೆಯಿರಿ. ರೆಕ್ಕೆಯ ಉದ್ದ ಮಿಲಿಮೀಟರಿನಲ್ಲಿ. ಸಣ್ಣ ಹಕ್ಕಿಯ ತೂಕ ಗ್ರಾಮಿನ ಹತ್ತನೇ ಒಂದು ಭಾಗದವರೆಗೆ, ತೂಗಿದ ಹೊತ್ತಿನ ಜೊತೆಗೆ. ಬೆಳಿಗ್ಗೆಗೂ ಸಂಜೆಗೂ ಅದೇ ಹಕ್ಕಿಯ ತೂಕ ಬೇರೆ. ಕತ್ತಿನ ಬುಡದ ಗುಳಿಯ ಗರಿಯನ್ನು ಬಾಯಿಂದ ಊದಿ ಸರಿಸಿದರೆ ತೆಳು ಚರ್ಮದ ಕೆಳಗೆ ಹಳದಿ ಕೊಬ್ಬು ಕಾಣುತ್ತದೆ. ಅದಕ್ಕೆ 0ರಿಂದ 8ರವರೆಗೆ ಅಂಕ ಕೊಡುವ ಪದ್ಧತಿ ಇದೆ. ತೂಕದ ಜೊತೆ ಈ ಅಂಕವನ್ನು ಹೋಲಿಸಿ. ಸೆಜ್ ವಾರ್ಬ್ಲರ್ ಅನ್ನುವ ಜೊಂಡಿನ ಹಕ್ಕಿ ಸಹಾರಾ ದಾಟುವ ಮೊದಲು ತಿಂದು ತಿಂದು ತನ್ನ ತೂಕವನ್ನು ಹೆಚ್ಚುಕಡಿಮೆ ಎರಡು ಪಟ್ಟು ಮಾಡಿಕೊಳ್ಳುತ್ತದೆ. ಅಂಥ ಹಕ್ಕಿ 20 ಗ್ರಾಂ ತೂಗಿದರೆ, ಕೊಬ್ಬಿನ ಅಂಕ 7 ಇದ್ದರೆ, ಸರಿ. ತೂಕ 20 ಇದ್ದು ಕೊಬ್ಬು 0 ಅಂದರೆ ಎಲ್ಲೋ ತಪ್ಪಿದೆ. ಹಕ್ಕಿ ಇನ್ನೂ ಕೈಯಲ್ಲಿ ಇರುವಾಗಲೇ ಕೇಳಿಬಿಡಿ. ಹಾರಿಹೋದ ಮೇಲೆ ಕೇಳಿ ಏನು ಪ್ರಯೋಜನ?

ವಯಸ್ಸಿನ ಸಂಕೇತ ಹೊಸಬರನ್ನು ಬಹಳ ಕಾಡುತ್ತದೆ. ಯುರೋಪಿನ ರಿಂಗಿಂಗ್ ಸಂಸ್ಥೆಗಳ ಒಕ್ಕೂಟವಾದ ಯುರಿಂಗ್‌ನ ಪದ್ಧತಿಯಲ್ಲಿ 3 ಅಂದರೆ ಈ ವರ್ಷ ಹುಟ್ಟಿದ್ದು. 5 ಅಂದರೆ ಹೋದ ವರ್ಷ ಹುಟ್ಟಿದ್ದು. 4 ಅಂದರೆ ಈ ವರ್ಷಕ್ಕಿಂತ ಮೊದಲು, ಆದರೆ ಯಾವ ವರ್ಷ ಅಂತ ಗೊತ್ತಿಲ್ಲ. ವರ್ಷ ಅಂದರೆ ಕ್ಯಾಲೆಂಡರ್ ವರ್ಷ. ಡಿಸೆಂಬರ್ 31ರಂದು 3 ಆಗಿದ್ದ ಹಕ್ಕಿ ಮರುದಿನ ಬೆಳಿಗ್ಗೆ 5. ಹಕ್ಕಿಯಲ್ಲಿ ಒಂದು ಗರಿಯೂ ಬದಲಾಗಿರುವುದಿಲ್ಲ. ಜನವರಿಯ ಮೊದಲ ವಾರ ಪುಟದ ಮೇಲೆಯೇ ದೊಡ್ಡದಾಗಿ "3 ಇಲ್ಲ, 5" ಅಂತ ಬರೆದಿಟ್ಟುಕೊಳ್ಳಿ.

ಹಳೆಯ ಉಂಗುರ ಇರುವ ಹಕ್ಕಿ ಸಿಕ್ಕರೆ ಮೇಜಿನ ಸುತ್ತ ಎಲ್ಲರ ದನಿ ಏರುತ್ತದೆ. ಆಗಲೇ ತಪ್ಪು ನಡೆಯುವುದು. ಇಬ್ಬರು ಬೇರೆ ಬೇರೆಯಾಗಿ ನಂಬರ್ ಓದಲಿ. ಹಳೆಯ ಪುಸ್ತಕ ತೆಗೆದು ಜಾತಿ, ರೆಕ್ಕೆಯ ಉದ್ದ ಹೊಂದುತ್ತದೆಯೇ ನೋಡಿ. ನಂಬರಿನ ಎದುರು ಪುಸ್ತಕದಲ್ಲಿ ಮಿಂಚುಳ್ಳಿ ಇದ್ದು ಕೈಯಲ್ಲಿ ಉಲಿಯಕ್ಕಿ ಇದ್ದರೆ ಯಾವುದೋ ಒಂದು ಅಂಕಿ ತಪ್ಪು.

ಪುಸ್ತಕ ಸರಿಯಾಗಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಲೇಸನ್ ಆಲ್ಬಟ್ರಾಸ್ ಒಂದರ ಉದಾಹರಣೆ ಕೊಡುತ್ತೇನೆ. ಜೌಗಿನದಲ್ಲ, ಕಡಲ ಹಕ್ಕಿ. 1956ರಲ್ಲಿ ಚಾಂಡ್ಲರ್ ರಾಬಿನ್ಸ್ ಅನ್ನುವವರು ಮಿಡ್‌ವೇ ದ್ವೀಪದಲ್ಲಿ ಅದಕ್ಕೆ ಉಂಗುರ ಹಾಕಿದರು. ಉಂಗುರ ಸವೆದಂತೆಲ್ಲ ಬೇರೆಯವರು ಹೊಸ ನಂಬರ್ ಹಾಕುತ್ತಾ ಹೋದರು. 2002ರಲ್ಲಿ ರಾಬಿನ್ಸ್ ಮತ್ತೆ ಅಲ್ಲಿಗೆ ಹೋಗಿ ಹಿಡಿದ ಹಕ್ಕಿಗಳಲ್ಲಿ ಒಂದರ ನಂಬರನ್ನು ದಾಖಲೆಯಲ್ಲಿ ಹಿಂದಕ್ಕೆ ಹಿಂದಕ್ಕೆ ಹುಡುಕುತ್ತಾ ಹೋದಾಗ, ಅದು ತಾವೇ 1956ರಲ್ಲಿ ಉಂಗುರ ಹಾಕಿದ ಹಕ್ಕಿ ಅಂತ ತಿಳಿಯಿತು. ಅದಕ್ಕೆ ವಿಸ್ಡಮ್ ಅಂತ ಹೆಸರಿಟ್ಟರು. 2024ರಲ್ಲೂ ಅದು ಮೊಟ್ಟೆ ಇಟ್ಟಿದೆ. ನಡುವೆ ಉಂಗುರ ಬದಲಿಸಿದವರಲ್ಲಿ ಒಬ್ಬರು ಹಳೆಯ ನಂಬರ್ ಬರೆದುಕೊಳ್ಳದೆ ಇದ್ದಿದ್ದರೂ ಸರಪಳಿ ಕಡಿದುಹೋಗುತ್ತಿತ್ತು. ಬರೆಯುವ ಕೆಲಸ ಬೇಜಾರು ಅನ್ನುವವರಿಗೆ ನಾನು ಈ ಕಥೆ ಹೇಳುತ್ತೇನೆ.

ನಂಬರ್ ಮತ್ತು ವಿಳಾಸ ಇರುವ ಅಲ್ಯೂಮಿನಿಯಂ ಉಂಗುರ ಶುರುವಾದದ್ದು 1899ರಲ್ಲಿ, ಡೆನ್ಮಾರ್ಕಿನ ಮೇಷ್ಟರೊಬ್ಬರಿಂದ. ಹ್ಯಾನ್ಸ್ ಮಾರ್ಟೆನ್ಸೆನ್ ಅಂತ. ಮೊದಲು ಸತುವಿನದು ಹಾಕಿ ನೋಡಿದರು, ಭಾರವಾಯಿತು. ಭಾರತದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1927ರಲ್ಲಿ ಶುರುಮಾಡಿತು. ಅದು ದೊಡ್ಡದಾಗಲು ಕಾರಣ ನಮ್ಮ ಮಲೆನಾಡಿನ ಮಂಗನ ಕಾಯಿಲೆ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಆ ಕಾಯಿಲೆ ಕಾಣಿಸಿಕೊಂಡಾಗ, ಅದರ ವೈರಸ್ ರಷ್ಯಾದ ಒಂದು ವೈರಸ್ಸಿಗೆ ಹತ್ತಿರ ಇತ್ತು. ವಲಸೆ ಹಕ್ಕಿಗಳ ಮೈಮೇಲಿನ ಉಣ್ಣೆ ಹುಳುವಿನ ಮೂಲಕ ಬಂದಿರಬಹುದೇ ಅನ್ನುವ ಅನುಮಾನ ಎದ್ದಿತು. ವಿಶ್ವ ಆರೋಗ್ಯ ಸಂಸ್ಥೆ ಹಣ ಕೊಟ್ಟಿತು, ಪಕ್ಷಿತಜ್ಞ ಸಾಲಿಂ ಅಲಿ ಅವರ ಮುಂದಾಳತ್ವದಲ್ಲಿ ಹಕ್ಕಿಗಳಿಗೆ ಉಂಗುರ ಹಾಕುವ ದೊಡ್ಡ ಕೆಲಸ ನಡೆಯಿತು.

ಸೇರಿಕೊಳ್ಳುವುದು ಹೇಗೆ, ಉಂಗುರ ಸಿಕ್ಕರೆ ಏನು ಮಾಡಬೇಕು

ತಂಡಕ್ಕೆ ಸೇರಲು ಬಂದವರಿಗೆ ಮೊದಲು ಸಿಗುವುದು ಚೀಲ ಒಗೆಯುವುದು, ಕಂಬ ಹೊರುವುದು, ಬರೆಯುವುದು. ಬೇಸರ ಮಾಡಿಕೊಳ್ಳಬೇಡಿ. ಬರೆಯುವ ಕುರ್ಚಿಯಲ್ಲಿ ಕೂತರೆ ಪ್ರತಿ ಹಕ್ಕಿಯೂ ಕಣ್ಣೆದುರು ಒಂದು ಮೊಳ ದೂರದಲ್ಲಿ ಹಾದುಹೋಗುತ್ತದೆ. ಕಡುಬಣ್ಣದ ಬಟ್ಟೆ ಹಾಕಿ. ಫೋಟೋ ಬೇಕಿದ್ದರೆ ಕೇಳಿ, ಫ್ಲ್ಯಾಶ್ ಬೇಡ, ಒಂದೆರಡು ಸಾಕು. ಹಕ್ಕಿ ಬಾಯಿ ತೆರೆದು ಏದುಸಿರು ಬಿಟ್ಟರೆ, ಕಣ್ಣು ಮುಚ್ಚಿದರೆ, ಅಳತೆ ನಿಲ್ಲಿಸಿ ಬಿಟ್ಟುಬಿಡುತ್ತಾರೆ. ಆ ಸಾಲಿನ ಉಳಿದ ಖಾನೆಗಳು ಖಾಲಿ ಇರಲಿ, ಪರವಾಗಿಲ್ಲ.

ಬಲೆ, ತಂಡ ಏನೂ ಇಲ್ಲದೆ ನಿಮಗೇ ಒಂದು ಉಂಗುರ ಎದುರಾಗಬಹುದು. ಹಕ್ಕಿ ಬದುಕಿದ್ದರೆ ಉಂಗುರ ತೆಗೆಯಬಾರದು. ನಂಬರ್ ಓದಿ, ಚಿತ್ರ ತೆಗೆದು, ಹಾಗೇ ಬಿಡಿ. ಹಕ್ಕಿ ಸತ್ತಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ, ಹಕ್ಕಿಜ್ವರದ ಭಯ ಇದೆ. ಹಲವು ಹಕ್ಕಿ ಒಟ್ಟಿಗೆ ಸತ್ತಿದ್ದರೆ ಮೊದಲು ಅಲ್ಲಿನ ಅರಣ್ಯ ಅಥವಾ ಪಶು ಇಲಾಖೆಗೆ ತಿಳಿಸಿ.

ಉಂಗುರದ ಮೇಲೆ ನಂಬರಿನ ಜೊತೆ ಒಂದು ಸಂಸ್ಥೆಯ ಹೆಸರೋ ವೆಬ್ ವಿಳಾಸವೋ ಇರುತ್ತದೆ. ಅಲ್ಲಿಗೆ ಬರೆಯಿರಿ. ಉಂಗುರದ ಮೇಲಿನ ಪ್ರತಿ ಅಕ್ಷರ, ತಾರೀಕು, ಜಾಗ, ಸಾಧ್ಯವಾದರೆ ಫೋನಿನ ನಕ್ಷೆಯಿಂದ ಅಕ್ಷಾಂಶ ರೇಖಾಂಶ. ಹಕ್ಕಿ ಬದುಕಿತ್ತೋ ಸತ್ತಿತ್ತೋ, ಸತ್ತಿದ್ದರೆ ಈಗಷ್ಟೇ ಸತ್ತಂತಿತ್ತೋ ಒಣಗಿಹೋಗಿತ್ತೋ. ಈ ಕೊನೆಯದನ್ನು ಬಹಳ ಜನ ಬಿಡುತ್ತಾರೆ. ಉಂಗುರ ಸಿಕ್ಕ ದಿನವೇ ಹಕ್ಕಿ ಸತ್ತ ದಿನ ಅಲ್ಲ, ಅಲ್ವಾ? ಯಾವ ಹಕ್ಕಿ ಅಂತ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತಲೇ ಬರೆಯಿರಿ, ನಂಬರ್ ಸರಿಯಿದ್ದರೆ ಅವರಿಗೆ ಗೊತ್ತಾಗುತ್ತದೆ. ಆಮೇಲೆ ಅವರಿಂದ ಉತ್ತರ ಬರುತ್ತದೆ: ಎಲ್ಲಿ, ಯಾವಾಗ, ಎಷ್ಟು ವಯಸ್ಸಿನಲ್ಲಿ ಉಂಗುರ ಹಾಕಿದ್ದರು ಅಂತ. ಸ್ವಲ್ಪ ತಡವಾಗಬಹುದು. ತೀರಾ ತಡವಾದರೆ ಇನ್ನೊಂದು ಸಲ ಬರೆಯಿರಿ, ಮೊದಲು ಬರೆದ ತಾರೀಕನ್ನು ಅದರಲ್ಲಿ ಸೇರಿಸಿ.